ಪಿಸುರಾಯರ ಹೊಸ ಸೆಟಪ್ಪು

ಪಿಸುರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಸಂಬಳದ ಚೀಟಿಯ ಮೇಲೆ ಬಿಟ್ಟರೆ ಮತ್ತೆಲ್ಲೂ ಕಾಣುವುದಿಲ್ಲ. ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ ಮೇಜಿನ ಹಿಂದೆ ಕುಳಿತು, ತುಟಿಗೆ ಬೆರಳಿಟ್ಟು ‘ಶ್’ ಅನ್ನುವುದೇ ಅವರ ಉದ್ಯೋಗ. ವರ್ಷಗಟ್ಟಲೆ ಹಾಗೆ ಅಂದೂ ಅಂದೂ ಅವರ ದನಿ ಸವೆದು ಪಿಸುಮಾತಾಯಿತು. ಈಗ ಸ್ನಾನದ ಮನೆಯಿಂದ ಸೋಪು ಕೇಳಿದರೂ ಪಕ್ಕದ ಮನೆಗೆ ಕನ್ನ ಹಾಕುವ ಉಪಾಯ ಹೇಳಿದ ಹಾಗೆ ಕೇಳಿಸುತ್ತದೆ. ಅಂಗಡಿಯಲ್ಲಿ ‘ಅರ್ಧ ಕೆಜಿ ಆಲೂಗಡ್ಡೆ’ ಅಂದರೆ ಅಂಗಡಿಯವನು ಒಮ್ಮೆ ಹಿಂದೆ ಮುಂದೆ ನೋಡಿ, ಕಾಗದದಲ್ಲಿ ಸುತ್ತಿ, ಮೇಜಿನ ಕೆಳಗಿನಿಂದ ಕೊಡುತ್ತಾನೆ. ಫೋನು ಬಂದರಂತೂ ರಾಯರು ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿಬಿಡುತ್ತಾರೆ. ಪಾಪ, ಅವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಆದರೆ ನೋಡಿದವರಿಗೆ ಏನೋ ಇದೆ ಅನ್ನಿಸದೆ ಇರುವುದಿಲ್ಲ.

ಇಂಥ ಮನುಷ್ಯನ ತಲೆಯೊಳಗೆ ಹುಳ ಬಿಟ್ಟವನು ಗ್ರಂಥಾಲಯದ ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಬಂದ ಗುಮಾಸ್ತ. ಒಂದು ಸಂಜೆ ಬಸ್ಸು ತಪ್ಪಿತೆಂದು ರಾಯರ ಕಾರು ಹತ್ತಿದ. ಹತ್ತಿದವನು ಸುಮ್ಮನೆ ಕೂರಬೇಕಲ್ಲ, ರೇಡಿಯೊ ಹಾಕಿದ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ.

“ಸಾರ್, ಇದು ಹಾಡ್ತಿರೋದಾ, ಇಲ್ಲಾ ಎಲ್ಲೋ ಸೊಳ್ಳೆ ಸೇರ್ಕೊಂಡಿದೆಯಾ?”

ರಾಯರು ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಳಿಯುವಾಗ ಆ ಪುಣ್ಯಾತ್ಮ ಸಮಾಧಾನ ಹೇಳಿದ. “ಹೋಗ್ಲಿ ಬಿಡಿ ಸಾರ್. ನಿಮ್ಮಂಥವರಿಗೆ ಇಷ್ಟು ಸಾಕು.”

ಸೊಳ್ಳೆಯನ್ನು ರಾಯರು ಸಹಿಸಿಕೊಂಡಿದ್ದರು. ‘ನಿಮ್ಮಂಥವರಿಗೆ’ ಅನ್ನುವುದು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಅಂದರೆ ಎಂಥವರಿಗೆ? ಜೀವಮಾನವೆಲ್ಲ ಬೇರೆಯವರ ಬಾಯಿ ಮುಚ್ಚಿಸಿದವನಿಗೆ ತನ್ನದು ಅಂತ ಒಂದು ಸದ್ದು ಬೇಡವೇ? ಮಾರನೆಯ ದಿನವೇ ರಾಯರು ಕಾರು ತೆಗೆದುಕೊಂಡು ಟೈರ್ ಅಂಗಡಿಗಳ ಹಿಂದಿನ ತಗಡಿನ ಶೆಡ್ಡಿಗೆ ಹೋದರು.

ಶೆಡ್ಡಿನ ಒಡೆಯನನ್ನು ಎಲ್ಲರೂ ಗುಡುಗು ಅನ್ನುತ್ತಿದ್ದರು. ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಜೋಡಿಸಿ ಜೋಡಿಸಿ ಅವನ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಎದುರಿಗೆ ನಿಂತವರ ಜೊತೆಗೂ ಹೊಳೆಯ ಆಚೆ ದಡದವರ ಜೊತೆ ಮಾತಾಡಿದ ಹಾಗೆ ಕೂಗುತ್ತಿದ್ದ. ಒಬ್ಬರು ಪಿಸುಗುಟ್ಟುವವರು, ಇನ್ನೊಬ್ಬ ಕೂಗುವವನು. ಇಬ್ಬರೂ ನಿಮಿಷದಲ್ಲಿ ಒಂದಾದರು.

“ಆಂಪ್ಲಿಫೈಯರ್ ಅಂದ್ರೆ ಹಸಿದ ರಾಕ್ಷಸ ಸಾರ್,” ಗುಡುಗು ವಿವರಿಸಿದ. “ನಿಮ್ಮ ಹಳೇ ಬ್ಯಾಟರಿ ಅದರ ಹಲ್ಲಿನ ಸಂದಿಗೂ ಸಾಲಲ್ಲ. ಸಬ್ ಅನ್ನೋ ದಪ್ಪ ಸ್ಪೀಕರಿಂದ ಒಂದು ಗುದ್ದು ಬಿತ್ತು ಅಂದ್ರೆ ಹೆಡ್‌ಲೈಟು ಕಣ್ಣು ಮುಚ್ಚಿಕೊಳ್ಳತ್ತೆ. ಅದಕ್ಕೆ ಲಿಥಿಯಂ ಬ್ಯಾಂಕ್ ಹಾಕೋಣ. ಸೆಲ್‌ಗಳನ್ನ ಜೋಡಿಸಿ ಒಂದು ಪೆಟ್ಟಿಗೆ, ಅಷ್ಟೇ. ಹಗುರ. ಕೇಳಿದಾಗ ಕೇಳಿದಷ್ಟು ಕೊಡತ್ತೆ, ಮುಖ ಸಿಂಡರಿಸಲ್ಲ.”

“ಹಾಗಾದ್ರೆ ಹಳೇದನ್ನ ಎಸೆದುಬಿಡೋದಾ?” ರಾಯರು ಪಿಸುಗುಟ್ಟಿದರು.

“ಎಸೆಯೋದು ಯಾಕೆ? ಗಾಡಿ ಸ್ಟಾರ್ಟ್ ಮಾಡೋಕೆ ಅದೇ ಬೇಕು. ಹಳೇದು ಮುಂದೆ ಇರ್ಲಿ, ಹೊಸದು ಹಿಂದೆ ಡಿಕ್ಕಿಯಲ್ಲಿ. ಆದ್ರೆ ಎರಡನ್ನೂ ನೇರವಾಗಿ ಸೇರಿಸೋ ಹಾಗಿಲ್ಲ, ಎರಡರ ಸ್ವಭಾವ ಬೇರೆ ಬೇರೆ. ಮಧ್ಯೆ ಒಂದು ಐಸೊಲೇಟರ್ ಹಾಕ್ತೀನಿ. ಒಂದು ಏನು ಮಾಡ್ತಿದೆ ಅಂತ ಇನ್ನೊಂದಕ್ಕೆ ತಿಳಿಯೋದೇ ಇಲ್ಲ. ಎಂಥಾ ಸೆಟಪ್ ಮಾಡಿಕೊಡ್ತೀನಿ ನೋಡಿ ಸಾರ್.”

ಸೆಟಪ್. ಈ ಮಾತಿನ ಬಗ್ಗೆ ಇಲ್ಲೇ ಎರಡು ಮಾತು ಹೇಳಿಬಿಡಬೇಕು. ಗುಡುಗಿನಂಥವರ ಬಾಯಲ್ಲಿ ಸೆಟಪ್ ಅಂದರೆ ಸ್ಪೀಕರು, ತಂತಿ, ಬ್ಯಾಟರಿ ಎಲ್ಲ ಸೇರಿದ ಒಂದು ಜೋಡಣೆ. ಆದರೆ ಸಂಸಾರಸ್ಥರ ಮನೆಗಳಲ್ಲಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ‘ಅವರಿಗೊಂದು ಸೆಟಪ್ ಇದೆಯಂತೆ’ ಅಂದರೆ ಅದು ಸ್ಪೀಕರ್ ವಿಷಯ ಅಲ್ಲ. ಸೀರೆ ಉಟ್ಟ ವಿಷಯ. ಈ ವ್ಯತ್ಯಾಸ ಊರಿನ ಎಲ್ಲರಿಗೂ ಗೊತ್ತಿತ್ತು, ಪುಸ್ತಕಗಳ ನಡುವೆ ಬದುಕಿದ ಪಿಸುರಾಯರೊಬ್ಬರನ್ನು ಬಿಟ್ಟು.

ಈ ಸುದ್ದಿಯನ್ನು ರಾಯರು ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದಳು. ಸ್ವಲ್ಪ ಗದ್ದಲವಾದರೆ ಆಕೆಗೆ ತಲೆ ಸಿಡಿಯುತ್ತಿತ್ತು. ಮೇಲಾಗಿ ಕಟ್ಟಡದ ಮೆಟ್ಟಿಲ ಬಳಿ ‘ಇದು ಸಂಸಾರಸ್ಥರ ಕಟ್ಟಡ, ಇಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ’ ಎಂದು ಗದ್ದಲದ ವಿರುದ್ಧ ನೋಟೀಸು ಅಂಟಿಸಿದವರು ರಾಯರೇ. ಅದಕ್ಕೇ ಕಾರಿನ ಬಾಗಿಲು ಕಿರುಗುಟ್ಟುತ್ತದೆ, ರಿಪೇರಿಗೆ ಬಿಟ್ಟಿದ್ದೇನೆ ಎಂದು ಒಂದು ಸಣ್ಣ ಸುಳ್ಳು ಹೇಳಿ, ಎಲ್ಲ ಸಿದ್ಧವಾದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಆಶ್ಚರ್ಯಪಡಿಸುವುದೆಂದು ತೀರ್ಮಾನಿಸಿದರು.

ಆಶ್ಚರ್ಯ ಅವರು ಅಂದುಕೊಂಡದ್ದಕ್ಕಿಂತ ಬೇಗ ಆಯಿತು.

ಹೊಸ ಬ್ಯಾಂಕನ್ನು ಗುಡುಗು ಚಾರ್ಜಿಗೆ ಹಾಕಿದ್ದ. ಅದು ಬಿಸಿಯಾಗಬಾರದು, ಪೂರ್ತಿ ಖಾಲಿಯಾಗಬಾರದು, ಬಿಸಿಲಿಗೆ ಇಡಬಾರದು ಎಂದು ಅವನು ಹೇಳಿದ್ದೇ ತಡ, ರಾಯರಿಗೆ ಹೆರಿಗೆ ಆಸ್ಪತ್ರೆಯ ಹೊರಗೆ ಕೂತವರ ತಳಮಳ ಶುರುವಾಯಿತು. ಹೊತ್ತಿಲ್ಲ ಗೊತ್ತಿಲ್ಲ, ಫೋನು ಮಾಡುವುದೇ ಕೆಲಸ. ರಜೆಯಿದ್ದ ಒಂದು ದಿನ ಮಧ್ಯಾಹ್ನ ಮಲಗುವ ಕೋಣೆಯ ಮೂಲೆಗೆ ಹೋಗಿ, ಗೋಡೆಯ ಕಡೆ ತಿರುಗಿ ಫೋನು ಹಚ್ಚಿದರು. ಹೊರಗಿನ ಕೋಣೆಯಲ್ಲಿ ಹೆಂಡತಿ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, ಮೇಲಿನ ಮನೆ ವಕೀಲರ ಹೆಂಡತಿಯ ಅಂಗಿಯ ತೋಳು ಹೊಲಿಯುತ್ತಿದ್ದಳು. ವಕೀಲರ ಹೆಂಡತಿಯೂ ಪಕ್ಕದಲ್ಲೇ ಕೂತಿದ್ದರು. ರಾಯರು ಪಿಸುಗುಟ್ಟಿದ್ದು ಅವರಿಗೆ ಅಷ್ಟಿಷ್ಟು ಕೇಳಿತು. ಗುಡುಗು ಹೇಳಿದ್ದು, ಫೋನಿನೊಳಗಿಂದಲೇ, ಅಕ್ಷರ ಅಕ್ಷರ ಕೇಳಿತು.

“ಹೇಗಿದೆ?”

“ರಾಣಿ ಹಾಗಿದೆ ಸಾರ್.”

“ಮೈ ಬಿಸಿಯಾಗಿದೆಯಾ?”

“ಸ್ವಲ್ಪ ಬೆಚ್ಚಗಿದೆ. ನೀವು ಗಾಬರಿ ಆಗ್ಬೇಡಿ.”

“ಸುಸ್ತಾಗೋಕೆ ಬಿಡಬೇಡ. ಸ್ವಲ್ಪ ರೆಸ್ಟ್ ಕೊಡು. ಬಿಸಿಲು ತಾಗಿಸಬೇಡ ಮತ್ತೆ.”

“ನೀವು ಇಷ್ಟೊಂದು ಪ್ರೀತಿ ಮಾಡಿದ್ರೆ ಹೇಗೆ ಸಾರ್? ಅಂದ ಹಾಗೆ ಸೆಟಪ್ ವಿಷಯ ಮನೆಯಲ್ಲಿ ಹೇಳಿದ್ರಾ?”

“ಇನ್ನೂ ಇಲ್ಲ. ಹಳೇದರ ಕಥೆ ಏನು?”

“ಹಳೇದಾ? ಅದರಲ್ಲಿ ಇನ್ನೇನು ಜೀವ ಇದೆ ಸಾರ್. ಲೆಕ್ಕಕ್ಕೆ ಮುಂದೆ ಇರ್ಲಿ. ಮಜಾ ಎಲ್ಲಾ ಹೊಸದರದ್ದೇ.”

“ಒಂದಕ್ಕೊಂದು ಗೊತ್ತಾಗಲ್ಲ ತಾನೇ?”

“ಗೊತ್ತೇ ಆಗಲ್ಲ. ಮಧ್ಯೆ ವ್ಯವಸ್ಥೆ ಮಾಡಿದ್ದೀನಲ್ಲ.”

ರಾಯರು ನೆಮ್ಮದಿಯಿಂದ ಹೊರಗೆ ಬಂದರು. ಹೆಂಡತಿ ತಲೆ ಎತ್ತಲಿಲ್ಲ. ಹೊಲಿಗೆ ಯಂತ್ರ ಮಾತ್ರ ಹಿಂದೆಂದೂ ಕಾಣದ ವೇಗದಲ್ಲಿ ಓಡುತ್ತಿತ್ತು. ವಕೀಲರ ಹೆಂಡತಿ ‘ಅರ್ಜೆಂಟ್ ಕೆಲಸ ಇದೆ’ ಎಂದು ಅಂಗಿಯನ್ನು ಕಿತ್ತುಕೊಂಡು ಮೆಟ್ಟಿಲು ಹತ್ತಿದರು. ಮನೆಗೆ ಹೋಗಿ ನೋಡಿದರೆ ಎರಡೂ ತೋಳುಗಳ ಬಾಯಿ ಹೊಲಿದು ಹೋಗಿತ್ತು. ಆದರೆ ಆ ಹೊತ್ತಿಗೆ ಅವರಿಗೆ ಅಂಗಿ ಮುಖ್ಯವಾಗಿರಲಿಲ್ಲ.

ಆ ಸಂಜೆಯಿಂದ ರಾಯರ ಮನೆಯಲ್ಲಿ ಮಾತು ನಿಂತಿತು. ತಟ್ಟೆ ಬಂತು, ಊಟ ಬಂತು, ಮಾತು ಬರಲಿಲ್ಲ. ರಾಯರು ‘ಉಪ್ಪು’ ಎಂದು ಪಿಸುಗುಟ್ಟಿದರೆ ಉಪ್ಪಿನ ಡಬ್ಬಿ ಮೇಜಿನ ಮೇಲೆ ಟಪ್ಪೆಂದು ಕೂತಿತು. ಸೌಂಡಿನ ಗುಟ್ಟು ಬಯಲಾಗಿರಬೇಕು ಎಂದು ರಾಯರಿಗೆ ಒಳಗೊಳಗೇ ಅನುಮಾನ. ಕೇಳೋಣವೆಂದರೆ ಧೈರ್ಯವಿಲ್ಲ. ಬೆಳಿಗ್ಗೆ ಅಂಗಿಯ ಜೇಬುಗಳೆಲ್ಲ ತಿರುವಿ ಹಾಕಿದ್ದವು. ಕಾಲರಿನ ವಾಸನೆಯನ್ನು ಯಾರೋ ನೋಡಿದ ಹಾಗಿತ್ತು. ಆ ಕಾಲರಿಗೆ ಶೆಡ್ಡಿನ ರಬ್ಬರ್ ಅಂಟಿನ ವಾಸನೆ ಹತ್ತಿತ್ತು. ಅಂಥ ಸೆಂಟು ಯಾವ ಹೆಂಗಸು ಹಾಕುತ್ತಾಳೆ ಎಂದು ಹೆಂಡತಿ ತಲೆ ಕೆಡಿಸಿಕೊಂಡು ಕೂತಿದ್ದು ರಾಯರಿಗೆ ಹೇಗೆ ಗೊತ್ತಾಗಬೇಕು.

ಕೆಲಸಕ್ಕೆ ಹೊರಟ ರಾಯರನ್ನು ಮೇಲಿನ ಮನೆ ವಕೀಲರು ಮೆಟ್ಟಿಲ ಮೇಲೆ ಅಡ್ಡ ಹಾಕಿದರು. ಹೆಂಡತಿ ಕಳಿಸಿದ್ದರಿಂದ ಬಂದಿದ್ದರು. ಆದರೆ ಅಕಸ್ಮಾತ್ತಾಗಿ ಸಿಕ್ಕವರ ಹಾಗೆ ಮುಖ ಮಾಡಿಕೊಂಡಿದ್ದರು.

“ಏನು ರಾಯರೇ, ಹೊಸ ಸೆಟಪ್ ಇಟ್ಕೊಂಡಿದ್ದೀರಂತೆ?”

ರಾಯರು ಒಮ್ಮೆ ಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಮುಚ್ಚಿಡುವುದು ಇನ್ನೇನಿದೆ ಅನ್ನಿಸಿತು; ಒಳಗಿನಿಂದ ಸಣ್ಣದೊಂದು ಹೆಮ್ಮೆಯೂ ಇಣುಕಿತು. “ನಿಮಗೂ ಗೊತ್ತಾಯ್ತಾ ಸಾರ್?”

“ಇಡೀ ಬಿಲ್ಡಿಂಗಿಗೆ ಗೊತ್ತಾಗಿದೆ.”

“ಬೇಜಾರು ಮಾಡ್ಕೋಬೇಡಿ ಸಾರ್. ನೋಟೀಸ್ ಅಂಟಿಸಿದವನು ನಾನೇ, ಹೀಗೆ ಮಾಡಿದವನೂ ನಾನೇ.”

ವಕೀಲರು ನೋಟೀಸಿನ ಕಡೆ ನೋಡಿದರು. ಇಂಥ ಭಂಡತನವನ್ನು ಅವರು ಕೋರ್ಟಿನಲ್ಲೂ ಕಂಡಿರಲಿಲ್ಲ. “ಈ ವಯಸ್ಸಲ್ಲಿ ಬೇಕಿತ್ತಾ ರಾಯರೇ ಇದು?”

“ಈ ವಯಸ್ಸಲ್ಲೇ ಸಾರ್ ಬೇಕಾಗೋದು. ಹುಡುಗನಾಗಿದ್ದಾಗ ಧೈರ್ಯ ಇರ್ಲಿಲ್ಲ.”

“ಎಲ್ಲಿ ಇಟ್ಟಿದ್ದೀರಿ?”

“ಸದ್ಯಕ್ಕೆ ಟೈರ್ ಅಂಗಡಿಗಳ ಹಿಂದೆ ಒಂದು ಶೆಡ್ಡಲ್ಲಿ. ಆಮೇಲೆ ನನ್ನ ಕಾರಿನ ಡಿಕ್ಕಿಯಲ್ಲಿ.”

“ಎಲ್ಲಿ?”

“ಡಿಕ್ಕಿಯಲ್ಲಿ ಸಾರ್. ಸೀಟ್ ಮೇಲೆ ಇಟ್ರೆ ದಾರಿಯಲ್ಲಿ ಹೋಗೋರ ಕಣ್ಣು ಬೀಳತ್ತೆ. ಡಿಕ್ಕಿಯಲ್ಲಿ ಬೆಲ್ಟ್ ಹಾಕಿ ಬಿಗಿಯಾಗಿ ಕಟ್ಟಿ, ಮೇಲೆ ಹಲಗೆ ಮುಚ್ಚಿಬಿಟ್ರೆ ಅಲ್ಲಾಡೋಲ್ಲ.”

ವಕೀಲರು ಒಂದು ಮೆಟ್ಟಿಲು ಹಿಂದೆ ಸರಿದರು. “ಮತ್ತೆ ಗಾಳಿ?”

“ಒಂದು ಚಿಕ್ಕ ಫ್ಯಾನ್ ಇಡ್ತೀವಿ. ಅದೂ ಯಾಕೆ ಅಂದ್ರೆ, ತುಂಬಾ ಬಿಸಿಯಾದ್ರೆ ಒಂದೊಂದ್ಸಲ ಬೆಂಕಿ ಹತ್ತಿಕೊಳ್ಳತ್ತಂತೆ.”

ವಕೀಲರು ಮೆಟ್ಟಿಲಿನ ಕಂಬಿಯನ್ನು ಹಿಡಿದುಕೊಂಡರು. “ರಾಯರೇ, ಇಷ್ಟು ಹೊತ್ತು ನಾನು ಇದು ಸಿವಿಲ್ ಕೇಸು ಅಂದ್ಕೊಂಡಿದ್ದೆ,” ಎಂದವರೇ ಸರಸರನೆ ಮೇಲೆ ಹತ್ತಿ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಒಂದಲ್ಲ, ಎರಡು ಬಾರಿ ಕೇಳಿತು.

ಶನಿವಾರ ಸಂಜೆ ರಾಯರು ಗ್ರಂಥಾಲಯದಿಂದ ಬರುವಷ್ಟರಲ್ಲಿ ಮನೆಯಲ್ಲಿ ಅತ್ತೆ ಕೂತಿದ್ದರು. ಅವರ ಪಕ್ಕದಲ್ಲಿ ಹೆಂಡತಿಯ ಅಣ್ಣ, ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಭಾವ. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರಿಂದ ಸಮವಸ್ತ್ರದಲ್ಲೇ ಇದ್ದರು. ಎದುರು ಕುರ್ಚಿಯಲ್ಲಿ ವಕೀಲರು, ಕಾನೂನು ಸಲಹೆಗೆ. ಮೂಲೆಯಲ್ಲಿ ಒಂದು ಸೂಟ್‌ಕೇಸು. ಅದರ ಪಕ್ಕದಲ್ಲಿ, ಮೇಜಿನಿಂದ ಕಳಚಿ ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ್ದ ಹೊಲಿಗೆ ಯಂತ್ರ. ಸೂಟ್‌ಕೇಸನ್ನು ನೋಡಿದಾಗ ರಾಯರಿಗೆ ಏನೂ ಅನ್ನಿಸಲಿಲ್ಲ. ಹೆಂಡತಿ ವರ್ಷಕ್ಕೊಮ್ಮೆ ತವರಿಗೆ ಹೋಗುವವಳೇ. ಯಂತ್ರವನ್ನು ನೋಡಿದ ಮೇಲೆ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು. ಆ ಯಂತ್ರ ಹೋದರೆ ಹೆಂಡತಿ ವಾಪಸು ಬರುವುದಿಲ್ಲ. ಒಂದು ಪೆಟ್ಟಿಗೆ ಬ್ಯಾಟರಿಗೆ ಇಷ್ಟು ದೊಡ್ಡ ಶಿಕ್ಷೆಯೇ?

“ಭಾವ,” ಪೊಲೀಸ್ ಭಾವ ಗಂಟಲು ಸರಿಮಾಡಿಕೊಂಡರು. “ಸುತ್ತಿ ಬಳಸಿ ಮಾತು ಬೇಡ. ಸೆಟಪ್ ವಿಷಯ ನಿಜಾನಾ?”

“ನಿಜ ಭಾವ.”

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ತಲೆ ತಗ್ಗಿಸಿಯಾದ್ರೂ ಹೇಳಬಾರದಾ ಅಳಿಯಂದ್ರೇ.”

“ಇವಳಿಗೆ ತಲೆನೋವು ಬರತ್ತೆ ಅಂತಲೇ ಮುಚ್ಚಿಟ್ಟೆ ಅತ್ತೆ.”

“ತಲೆನೋವಾ? ನನ್ನ ಮಗಳ ಎದೆ ಒಡೆದು ಹೋಗಿದೆ.”

“ಮೊದಮೊದಲು ಎಲ್ಲರಿಗೂ ಎದೆ ಅದುರತ್ತೆ ಅತ್ತೆ. ಆಮೇಲೆ ಅಭ್ಯಾಸ ಆಗತ್ತೆ. ಕಿಟಕಿ ತೆಗೆದಿಟ್ಟುಕೊಂಡ್ರೆ ಅಷ್ಟು ಅನ್ನಿಸಲ್ಲ.”

ಅತ್ತೆ ಮಗನ ಮುಖ ನೋಡಿದರು. ಮಗ ವಕೀಲರ ಮುಖ ನೋಡಿದರು. ವಕೀಲರು ಚಾವಣಿ ನೋಡಿದರು.

“ಎಲ್ಲಿಯದು ಅದು?” ಪೊಲೀಸ್ ಭಾವ ಮುಂದುವರಿಸಿದರು.

“ಹೊರದೇಶದ್ದು. ಸೆಲ್‌ಗಳು ಅಲ್ಲಿಂದ ಬರ್ತವೆ, ಇಲ್ಲಿ ಜೋಡಿಸ್ತಾರೆ.”

“ಸೆಲ್ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ನೀವೂ ಬೇಗ ನೋಡ್ತೀರಿ. ಇದರಲ್ಲಿ ಇನ್ನೂ ಯಾರ್ಯಾರಿದ್ದಾರೆ?”

“ಬೇರೇನಿಲ್ಲ ಭಾವ. ಎರಡು ಸ್ಪೀಕರ್ ಮಾಮೂಲಿ. ಆಮೇಲೆ ಒಂದು ಸಬ್ ಇದೆ.”

ಪೊಲೀಸ್ ಭಾವ ಕುರ್ಚಿಯಲ್ಲಿ ನೆಟ್ಟಗಾದರು. ಸ್ಪೀಕರು ಅವರ ಕಿವಿಗೆ ಬೀಳಲೇ ಇಲ್ಲ. ಅವರ ದನಿ ಈಗ ರಾಯರದಕ್ಕಿಂತ ಸಣ್ಣಗಾಗಿತ್ತು. “ಸಬ್ ಸಾಹೇಬ್ರೂ ಇದರಲ್ಲಿ ಇದ್ದಾರಾ?”

“ಅದಿಲ್ಲದೆ ನಡೆಯೋದೇ ಇಲ್ಲವಂತೆ ಭಾವ. ದುಂಡಗೆ, ದಪ್ಪಗೆ ಇದೆ. ಗುಂಯ್ ಗುಂಯ್ ಅನ್ನೋದೆಲ್ಲಾ ಅದೇ.”

ಠಾಣೆಯ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ದುಂಡಗೇ ಇದ್ದರು, ದಪ್ಪಗೂ ಇದ್ದರು, ಮಾತಾಡಿದರೆ ಗುಂಯ್ ಅನ್ನುವುದೂ ಸುಳ್ಳಲ್ಲ. ಪೊಲೀಸ್ ಭಾವ ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡು, ಸ್ವಲ್ಪ ಹೊತ್ತು ತಮ್ಮ ಬಡ್ತಿಯ ಬಗ್ಗೆ ಯೋಚಿಸಿದರು.

ಅಷ್ಟರಲ್ಲಿ ಇಷ್ಟು ದಿನ ಮುಚ್ಚಿದ್ದ ಹೆಂಡತಿಯ ಬಾಯಿ ತೆರೆಯಿತು. “ಏನ್ರೀ, ನಾನು ನಿಮಗೆ ಏನು ಕಮ್ಮಿ ಮಾಡಿದೆ?”

ರಾಯರು ಆಕೆಯ ಎದುರು ಹೋಗಿ ಕೂತರು. “ನಿನ್ನದು ಇದರಲ್ಲಿ ಏನೂ ತಪ್ಪಿಲ್ಲ ಮಾರಾಯ್ತಿ. ಹಳೇದಕ್ಕೆ ಶಕ್ತಿ ಸಾಲ್ತಾ ಇರ್ಲಿಲ್ಲ, ಅದಕ್ಕೆ.”

ಆಕೆ ಎದ್ದು ನಿಂತಳು. ರಾಯರೂ ಗಾಬರಿಯಿಂದ ಎದ್ದರು. ಇದ್ದ ಬದ್ದ ಔದಾರ್ಯವನ್ನೆಲ್ಲ ಒಟ್ಟುಮಾಡಿ ಕೊನೆಯ ಮಾತು ಆಡಿದರು. “ನೋಡು, ಮನೆ ಹತ್ತಿರ ತರೋದೇ ಬೇಡ ಅಂದ್ರೆ ಬೇಡ. ಆ ಶೆಡ್ಡಲ್ಲೇ ಇರ್ಲಿ. ನಾನು ಭಾನುವಾರ ಭಾನುವಾರ ಹೋಗಿ ಸ್ವಲ್ಪ ಹೊತ್ತು ಇದ್ದು ಬರ್ತೀನಿ. ನೀನೂ ಒಂದ್ಸಲ ಬಾ. ಒಟ್ಟಿಗೇ ಸುತ್ತಾಡೋಣ. ಒಂದು ಸಲ ಜೊತೆಗೆ ಕೂತು ನೋಡು, ಆಮೇಲೆ ನೀನೇ ಬಿಡಲ್ಲ.”

“ಹೊಟ್ಟೆಗೆ ಏನು ತಿಂತೀರಿ ನೀವು?” ಅಂದರು ಅತ್ತೆ.

“ಒಟ್ಟಿಗೆ ಸುತ್ತಾಡೋದಾ?” ವಕೀಲರು ಪೊಲೀಸ್ ಭಾವನ ಕಿವಿಯಲ್ಲಿ ಹೇಳಿದರು. “ಡಿಕ್ಕಿಯಲ್ಲಿ ಒಬ್ಬಳು, ಮುಂದೆ ಒಬ್ಬಳು. ಬರ್ಕೊಳ್ಳಿ.”

ಹೆಂಡತಿ ಅಳಲಿಲ್ಲ. ಅಣ್ಣನ ಕಡೆ ತಿರುಗಿದಳು. “ನಾಳೆ ಅಲ್ಲಿಗೆ ಹೋಗೋಣ. ನನ್ನ ಕಣ್ಣಾರೆ ನೋಡ್ಬೇಕು. ನೋಡಿ ಹಾಗೇ ಹೊರಡ್ತೀನಿ. ಯಂತ್ರ ಗಾಡಿಯಲ್ಲಿಟ್ಟುಬಿಡು.”

ಭಾನುವಾರ ಬೆಳಿಗ್ಗೆ ಐದು ಜನ, ಒಂದು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ ಬಾಡಿಗೆ ವ್ಯಾನಿನಲ್ಲಿ ಹೊರಟವು. ದಾರಿಯುದ್ದಕ್ಕೂ ಯಂತ್ರ ಹಳ್ಳ ಬಂದಾಗಲೆಲ್ಲ ರಾಯರ ಮೊಣಕಾಲಿಗೆ ಕುಟ್ಟುತ್ತಿತ್ತು. ಶೆಡ್ಡಿನ ಮುಂದೆ ವ್ಯಾನು ನಿಂತು, ಮೊದಲು ಖಾಕಿ ಇಳಿದದ್ದನ್ನು ಕಂಡ ಗುಡುಗಿನ ಕೈಯಿಂದ ಸ್ಪ್ಯಾನರು ಜಾರಿತು. ಹಿಂದಿನ ವಾರವಷ್ಟೇ ಜೋರು ಸದ್ದಿಗಾಗಿ ಅವನ ಇನ್ನೊಬ್ಬ ಗಿರಾಕಿಗೆ ದಂಡ ಬಿದ್ದಿತ್ತು.

“ಇಲ್ಲಿ ಸೆಟಪ್ ಇಟ್ಟಿದ್ದೀಯಂತೆ?” ಪೊಲೀಸ್ ಭಾವ ಕೇಳಿದರು.

“ನಮ್ಮಲ್ಲಿ ಯಾವ ಸೆಟಪ್ಪೂ ಇಲ್ಲ ಸಾರ್,” ಗುಡುಗು ಕೂಗಿದ. ನಾಲ್ಕು ಅಂಗಡಿಯವರು ಹೊರಗೆ ಬಂದು ನೋಡಿದರು. “ನಾನು ಮರ್ಯಾದಸ್ಥ. ಕಾರು ತೊಳೆದು ಕಳಿಸ್ತೀನಿ, ಅಷ್ಟೇ.”

“ಇವರು ಯಾರು ಗೊತ್ತಾ?” ಭಾವ ರಾಯರನ್ನು ಮುಂದೆ ತಳ್ಳಿದರು.

“ಈ ಮುಖವನ್ನೇ ನೋಡಿಲ್ಲ ಸಾರ್.”

“ಅಯ್ಯೋ, ನಾನು ಕಣೋ,” ರಾಯರು ಪಿಸುಗು‌ಟ್ಟಿದರು. “ತೋರಿಸು, ಪರವಾಗಿಲ್ಲ. ಮನೆಯವರೇ.”

ಗುಡುಗು ಅವರನ್ನು ನೋಡಿ ಕಣ್ಣು ಮಿಟುಕಿಸಿದ. ಗುಟ್ಟು ಕಾಪಾಡುತ್ತೇನೆ, ಹೆದರಬೇಡಿ ಅನ್ನುವ ಅರ್ಥದಲ್ಲಿ. ಆ ಮಿಟುಕನ್ನು ಐದು ಜನರೂ ನೋಡಿದರು. ಅತ್ತೆ ತಡೆಯಲಾರದೆ ಕಾರಿನ ಹತ್ತಿರ ಹೋಗಿ, ಮುಚ್ಚಿದ ಡಿಕ್ಕಿಯ ಮೇಲೆ ಮೆಲ್ಲಗೆ ಬಡಿದರು. “ಯಾರಮ್ಮಾ ನೀನು? ಹೆದರ್ಬೇಡ. ನಾವೆಲ್ಲಾ ಇದ್ದೀವಿ.”

ಒಳಗಿನಿಂದ ಫ್ಯಾನಿನ ಜುಯ್ ಅನ್ನುವ ಸದ್ದು ಬಂತು.

“ಉಸಿರಾಡ್ತಿದ್ದಾಳೆ,” ಅಂದರು ವಕೀಲರು.

ಪೊಲೀಸ್ ಭಾವ ಗುಡುಗಿನ ಕೈಯಿಂದ ಕೀಲಿ ಕಿತ್ತುಕೊಂಡು ಡಿಕ್ಕಿ ತೆಗೆದರು. ಒಳಗೆ ಬೆಲ್ಟಿನಲ್ಲಿ ಬಿಗಿದ ಒಂದು ಕಪ್ಪು ಪೆಟ್ಟಿಗೆ, ಅದರ ಮೇಲೆ ಒಂದು ನೀಲಿ ದೀಪ, ಹೆಬ್ಬೆರಳು ಗಾತ್ರದ ಕೆಂಪು ತಂತಿ, ಪಕ್ಕದಲ್ಲಿ ದುಂಡಗೆ, ದಪ್ಪಗೆ ಒಂದು ಸ್ಪೀಕರು. ಎಲ್ಲರೂ ಬಗ್ಗಿದರು. ಅತ್ತೆ ಪೆಟ್ಟಿಗೆಯ ಹಿಂದೆ ಕೈಹಾಕಿ ತಡಕಿದರು.

“ಮುಟ್ಟಬೇಡಿ ಅಮ್ಮಾ, ಶಾರ್ಟ್ ಆದ್ರೆ ಕಿಡಿ ಹಾರತ್ತೆ,” ಗುಡುಗು ಕೂಗಿದ.

“ಅವಳೆಲ್ಲಿ?” ಕೇಳಿದರು ಅತ್ತೆ.

“ಯಾರು?” ಕೇಳಿದರು ರಾಯರು.

“ಸೆಟಪ್ಪು.”

“ಇದೇ ಅತ್ತೆ. ಇದು ಲಿಥಿಯಂ ಬ್ಯಾಂಕ್, ಇದು ಸಬ್. ಹಳೇ ಬ್ಯಾಟರಿ ಮುಂದೆ ಇದೆ.”

ವಕೀಲರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಪೊಲೀಸ್ ಭಾವ ಸಬ್ಬನ್ನು ಬಹಳ ಹೊತ್ತು ನೋಡಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಸಾಹೇಬರು ನಿರಪರಾಧಿ. ನಡೆದದ್ದು ಏನೆಂದು ಗುಡುಗಿಗೂ ತಿಳಿಯಲಿಲ್ಲ, ಆದರೆ ದಂಡ ಹಾಕುವವರ ಮುಖ ಹೀಗಿರುವುದಿಲ್ಲ ಎಂದು ಗೊತ್ತಾಯಿತು. ಗಿರಾಕಿಯ ಮನೆಯವರನ್ನು ಮೆಚ್ಚಿಸಲು ಇದೇ ಹೊತ್ತು ಎಂದು ಗುಂಡಿ ಒತ್ತಿದ.

ಮೊದಲ ಗುದ್ದಿಗೆ ಶೆಡ್ಡಿನ ತಗಡೆಲ್ಲ ಹಲ್ಲು ಕಡಿಯಿತು. ಎರಡನೆಯದಕ್ಕೆ ಮೇಜಿನ ಮೇಲಿದ್ದ ನಟ್ಟು ಬೋಲ್ಟುಗಳು ಸಾಲಾಗಿ ನಡೆದು ಅಂಚಿನಿಂದ ಕೆಳಗೆ ಧುಮುಕಿದವು. ಅತ್ತೆ ಎದೆ ಹಿಡಿದುಕೊಂಡು ಟೈರಿನ ಮೇಲೆ ಕೂತರು. ಹೆಡ್‌ಲೈಟು ಮಾತ್ರ ಕಣ್ಣು ಮಿಟುಕಿಸಲಿಲ್ಲ. “ನೋಡಿ, ನೋಡಿ,” ಎಂದು ರಾಯರು ಹೇಳುತ್ತಿದ್ದರು. ಆ ಸದ್ದಿನಲ್ಲಿ ಪಿಸುಮಾತು ಯಾರಿಗೆ ಕೇಳಬೇಕು. ಆಗಷ್ಟೇ ಅವರಿಗೆ ವಕೀಲರ ಪ್ರಶ್ನೆಗಳು, ಅತ್ತೆಯ ಕಣ್ಣೀರು, ಕಾಲರಿನ ವಾಸನೆ, ಎಲ್ಲ ಒಂದೊಂದಾಗಿ ತಲೆಗೆ ಹತ್ತಿ, ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ನಗು ಬಂತು. ಹೆಂಡತಿಯೂ ನಗುತ್ತಾಳೆ ಎಂದು ತಿರುಗಿ ನೋಡಿದರು.

ಆಕೆ ನಗುತ್ತಿರಲಿಲ್ಲ. ಗುಡುಗಿಗೆ ಕೈಸನ್ನೆ ಮಾಡಿ ಸದ್ದು ನಿಲ್ಲಿಸಿದಳು.

“ಇವರು ನಿಮಗೆ ದಿನಾ ಫೋನ್ ಮಾಡ್ತಿದ್ರಾ?”

“ದಿನಾನಾ? ಬೆಳಿಗ್ಗೆ ಎದ್ದು ಒಂದು, ಊಟದ ಹೊತ್ತಿಗೆ ಒಂದು, ಮಲಗೋಕೆ ಮುಂಚೆ ಒಂದು,” ಗುಡುಗು ಅಭಿಮಾನದಿಂದ ಹೇಳಿದ. “ಇಂಥಾ ಗಿರಾಕಿ ನಾನು ನೋಡೇ ಇಲ್ಲ ಅಕ್ಕಾ. ಮೈ ಬಿಸಿಯಾಗಿದೆಯಾ, ಸುಸ್ತಾಗಿದೆಯಾ, ರೆಸ್ಟ್ ಕೊಟ್ಯಾ. ಬಹಳ ಮೃದು ಮನಸ್ಸು.”

ಹೆಂಡತಿ ರಾಯರ ಕಡೆ ತಿರುಗಿದಳು.

“ಹೋದ ತಿಂಗಳು ನನಗೆ ಜ್ವರ ಬಂದಿತ್ತು. ನಿಮಗೆ ಗೊತ್ತಾ?”

ರಾಯರಿಗೆ ಗೊತ್ತಿರಲಿಲ್ಲ. ಹೋದ ತಿಂಗಳನ್ನು ಇಡಿಯಾಗಿ ತಲೆಯೊಳಗೆ ತಿರುವಿ ಹಾಕಿದರೂ ಜ್ವರ ಸಿಗಲಿಲ್ಲ. ಆ ದಿನಗಳಲ್ಲೂ ತಟ್ಟೆ ಬಂದಿತ್ತು, ಊಟ ಬಂದಿತ್ತು.

“ಯಂತ್ರದ ಮೇಲೇ ತಲೆ ಇಟ್ಕೊಂಡು ಮಲಗಿದ್ದೆ. ನೀವು ಬಂದು, ಇವತ್ತು ಹೊಲಿಗೆ ಸದ್ದಿಲ್ಲ, ಹಾಯಾಗಿದೆ ಅಂದ್ರಿ.” ಆಕೆ ಪೆಟ್ಟಿಗೆಯ ನೀಲಿ ದೀಪದ ಕಡೆ ಕೈ ತೋರಿಸಿದಳು. “ಯಾವಳಾದ್ರೂ ಇದ್ದಿದ್ರೆ ಚೆನ್ನಾಗಿತ್ತು. ಜಗಳ ಆಡಿ ಗೆಲ್ತಿದ್ದೆ. ಈ ಪೆಟ್ಟಿಗೆ ಜೊತೆ ನಾನು ಏನು ಅಂತ ಜಗಳ ಆಡ್ಲಿ?”

ರಾಯರು ಡಿಕ್ಕಿಯನ್ನು ಮೆಲ್ಲಗೆ ಮುಚ್ಚಿದರು. ವಕೀಲರು ತಲೆ ಕೆರೆದುಕೊಂಡರು. ಇಂಥ ಕೇಸಿಗೆ ಯಾವ ಸೆಕ್ಷನ್ನೂ ಇಲ್ಲ. ಪೊಲೀಸ್ ಭಾವ ಹೊರಗೆ ಹೋಗಿ ವ್ಯಾನಿನವನ ಜೊತೆ ಸುಮ್ಮನೆ ಮಾತಿಗೆ ನಿಂತರು. ಕೊನೆಗೆ ಅತ್ತೆಯೇ ಟೈರಿನ ಮೇಲಿಂದ ಎದ್ದು, “ಒಂದು ವಾರ ನೋಡು. ಆಮೇಲೆ ಬಂದು ಕರ್ಕೊಂಡು ಹೋಗ್ತೀವಿ,” ಅಂದರು. ಹೆಂಡತಿ ವ್ಯಾನಿನ ಕಡೆ ಒಮ್ಮೆ ನೋಡಿ, ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಯಂತ್ರ ಮನೆಗೆ ವಾಪಸು ಬಂತು. ಆದರೆ ಗಂಟು ಬಿಚ್ಚಲಿಲ್ಲ. ಮೂಲೆಯಲ್ಲಿ ಸೂಟ್‌ಕೇಸಿನ ಪಕ್ಕದಲ್ಲೇ ಕೂತಿತು. ಆ ರಾತ್ರಿ ರಾಯರಿಗೆ ನಿದ್ದೆ ಬರಲಿಲ್ಲ. ಆ ಗಂಟು ಬಿಚ್ಚಿಸದೆ ತನಗೆ ಗತಿಯಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು.

ಮಾರನೆಯ ದಿನ ಮಧ್ಯಾಹ್ನ, ಓದುವ ಕೋಣೆಯಲ್ಲಿ ಎಲ್ಲರೂ ಪುಸ್ತಕದೊಳಗೆ ಮುಳುಗಿದ್ದಾಗ, ರಾಯರು ಫೋನು ತೆಗೆದರು. ನಾಲ್ಕು ಸಲ ಒಳಗಿಟ್ಟು ಐದನೆಯ ಸಲ ಹೆಂಡತಿಯ ನಂಬರು ಒತ್ತಿದರು. ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದರು.

“ಊಟ ಆಯ್ತಾ?”

“ಯಾರು ಮಾತಾಡ್ತಿರೋದು?”

“ನಾನೇ ಕಣೇ. ಬಹಳ ಕೆಲಸ ಮಾಡ್ಬೇಡ. ಸ್ವಲ್ಪ ಮಲಕ್ಕೋ. ಸಂಜೆ ಬರುವಾಗ ನಿನಗೆ ಏನಾದ್ರೂ ತರ್ಲಾ?”

“ಪಕ್ಕದಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ.”

“ಮತ್ತೆ ಯಾಕೆ ಫೋನ್ ಮಾಡಿದ್ರಿ?”

“ಸುಮ್ಮನೆ. ನಿನ್ನ ನೆನಪಾಯ್ತು.”

ಫೋನು ಕಟ್ಟಾಯಿತು. ರಾಯರು ತಿರುಗಿ ನೋಡಿದರೆ ಓದುವ ಕೋಣೆಯ ಅಷ್ಟೂ ಜನ ಪುಸ್ತಕ ಬಿಟ್ಟು ತಮ್ಮನ್ನೇ ನೋಡುತ್ತಿದ್ದರು. ಆದರೂ ರಾಯರಿಗೆ ಮೈ ಹಗುರಾದ ಹಾಗಾಯಿತು. ಇಷ್ಟು ಸುಲಭವಾದ ಕೆಲಸವನ್ನು ಇಷ್ಟು ವರ್ಷ ಮಾಡದೆ ಹೋದೆನಲ್ಲ ಎಂದು ತಮ್ಮ ಮೇಲೆ ತಮಗೇ ಸಿಟ್ಟೂ ಬಂತು.

ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು, ಠಾಣೆಗೆ ಫೋನು ಹಚ್ಚಿದ್ದಳು.

“ಅಣ್ಣಾ, ಬೇಗ ಬಾ. ಈ ಸಲ ನಿಜವಾಗ್ಲೂ ಯಾರೋ ಇದ್ದಾಳೆ.”